ಅಚ್ಚಿನ ನಟ್ಟಿಗೆ ಎಳೆದ ವಿಭೂತಿ

ಮಲಪ್ರಭೆಯ ದಂಡೆಯಲ್ಲೊಂದು ಸಣ್ಣ ಮಠ. ಅಲ್ಲಿನ ಗುರುಗಳನ್ನು ಜನ ಅಜ್ಜಾರು ಎಂದೇ ಕರೆಯುತ್ತಿದ್ದರು. ಕಾವಿ ಉಡುವ ಮೊದಲು ಅವರು ಲಾರಿ ಓಡಿಸಿದವರು. ಅದನ್ನು ಮುಚ್ಚಿಡುವ ಗೋಜಿಗೆ ಅವರು ಹೋದದ್ದಿಲ್ಲ.

ಶಿಷ್ಯ ಅಡಿವೆಪ್ಪ. ಕುಡಿತ ಬಿಡಲೆಂದು ಮಠಕ್ಕೆ ಬಂದವನು, ಬಿಟ್ಟ ಮೇಲೂ ಅಲ್ಲೇ ಉಳಿದುಕೊಂಡವನು. ಭಕ್ತರೊಬ್ಬರು ಕೊಟ್ಟ ಹಳೆಯ ಕಾರೊಂದು ಅವನ ಸುಪರ್ದಿಯಲ್ಲಿತ್ತು. ಅದನ್ನು ತೊಳೆದಷ್ಟು ಸಲ ಅವನು ತಾನೂ ಸ್ನಾನ ಮಾಡಿರಲಿಕ್ಕಿಲ್ಲ.

ಒಂದು ದಿನ ತವರಿನಲ್ಲಿದ್ದ ಅವನ ಹೆಂಡತಿ ಶಂಕ್ರವ್ವ ಹೇಳಿ ಕಳಿಸಿದಳು. ಸೋಮವಾರ ಬಂದು ಕರೆದುಕೊಂಡು ಹೋಗಲಿ, ಬರುತ್ತೇನೆ. ಆದರೆ ಬಾಯಿಂದ ವಾಸನೆ ಬಂದರೆ ಅದೇ ಕೊನೆ, ಮತ್ತೆಂದೂ ಈ ಬಾಗಿಲು ತುಳಿಯುವುದು ಬೇಡ.

ಅಡಿವೆಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಜ್ಜಾರಿಗೂ ಅಷ್ಟೇ ಖುಷಿಯಾಯಿತು. ಕಾರು ತೆಗೆದುಕೊಂಡು ಹೋಗು ಎಂದರು. ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗು ಎಂದೂ ಸೇರಿಸಿದರು.

ಆ ಮಾತು ಅವನಿಗೆ ಚುಚ್ಚಿತು. ಆ ದಾರಿಯಲ್ಲೊಂದು ಕೂಡುರಸ್ತೆ. ಅಲ್ಲಿ ಅವನ ಹಳೆಯ ಗೆಳೆಯರು, ಅವರ ಬೆನ್ನ ಹಿಂದೆಯೇ ಸಾರಾಯಿ ಮಾರುವ ಸೆರೆಯಂಗಡಿ. ಅದು ಅಜ್ಜಾರಿಗೆ ಗೊತ್ತು. ಅವರಿಗೆ ಗೊತ್ತಿದೆ ಎಂಬುದು ಅಡಿವೆಪ್ಪನಿಗೂ ಗೊತ್ತು.

"ನಾ ಈಗ ಗಟ್ಟಿ ಆಗೀನ್ರೀ ಯಪ್ಪಾ. ನನಗ ಕಾವಲುಗಾರ ಬ್ಯಾಡ," ಅಂದ.

ಅಜ್ಜಾರು ಕಾರಿನ ಕಡೆ ಕೈ ತೋರಿಸಿದರು. ಕಾರಿನ ಹಿಂದಿನ ಚಕ್ರದಿಂದ ಎಣ್ಣೆ ಸೋರುತ್ತಿದೆಯಲ್ಲ, ಮೊದಲು ಅದನ್ನು ನೋಡು ಎಂದರು.

ಅಡಿವೆಪ್ಪ ಚಕ್ರ ಬಿಚ್ಚಿದ. ಅಚ್ಚಿನ ನಟ್ಟು ಬಿಚ್ಚಿ, ಒಳಗೆ ಎಣ್ಣೆ ತಡೆಯುವ ರಬ್ಬರು ಹರಿದಿದ್ದನ್ನು ತೆಗೆದು ಹೊಸದನ್ನು ಕೂರಿಸಿದ. ನಟ್ಟನ್ನು ಮತ್ತೆ ಬಿಗಿಯುವಾಗ ಪಾನಾಕ್ಕೆ ಉದ್ದನೆಯ ಪೈಪು ಸಿಕ್ಕಿಸಿ, ಕಾಲೂರಿ, ಹಲ್ಲು ಕಚ್ಚಿ ತಿರುಗಿಸಿದ.

ಅಚ್ಚಿನ ತುದಿಯಲ್ಲೊಂದು ತೂತು ಇರುತ್ತದೆ. ನಟ್ಟಿನ ನೆತ್ತಿಯ ಸುತ್ತ ಸೀಳುಗಳಿರುತ್ತವೆ. ತೂತಿಗೆ ಸೀಳು ಎದುರಾದಾಗ ಎರಡು ಕಾಲಿನ ತೆಳ್ಳನೆಯ ಪಿನ್ನೊಂದನ್ನು ತೂರಿಸಿ, ಅದರ ಕಾಲು ಮಡಚಿಬಿಡಬೇಕು. ಆಮೇಲೆ ನಟ್ಟಿಗೆ ತಿರುಗಲು ಜಾಗವಿರುವುದಿಲ್ಲ.

ಅಡಿವೆಪ್ಪ ಬಿಗಿದಾಗ ತೂತಿಗೂ ಸೀಳಿಗೂ ಸ್ವಲ್ಪ ತಪ್ಪಿತು. ಅವನು ಪಿನ್ನನ್ನು ಪಕ್ಕಕ್ಕಿಟ್ಟು ಕೈ ಒರೆಸಿಕೊಂಡ. ಅಜ್ಜಾರು ಬಂದು ಬಗ್ಗಿ ನೋಡಿ, ಪಿನ್ನು ಎಲ್ಲಿ ಎಂದು ಕೇಳಿದರು.

"ಬೇಕಾಗಿಲ್ರೀ. ಏನ ಬಂದ್ರೂ ಅಲುಗಾಡೂದಿಲ್ಲ, ಹಂಗ ಬಿಗಿದೀನಿ."

ಅಜ್ಜಾರು ಚೀಲದಿಂದ ವಿಭೂತಿ ಗಟ್ಟಿ ತೆಗೆದರು. ಬೆರಳು ಒದ್ದೆ ಮಾಡಿ ತಿಕ್ಕಿ, ನಟ್ಟಿನ ಮೇಲಿಂದ ಅಚ್ಚಿನ ತುದಿಗೆ ಒಂದೇ ಗೆರೆ ಎಳೆದರು. ಅಡಿವೆಪ್ಪ ಕೈಮುಗಿದು ನಿಂತ. ಗಾಡಿಗೆ ಆಶೀರ್ವಾದ ಸಿಕ್ಕಿತು ಅಂದುಕೊಂಡ, ಪಾಪ.

ಚಕ್ರ ಏರಿಸು, ಹೊಳೆಯ ದಂಡೆಗುಂಟ ನಿಧಾನಕ್ಕೆ ಒಂದು ಸುತ್ತು ಹೋಗಿಬರೋಣ ನಡಿ ಎಂದರು ಅಜ್ಜಾರು. ದಾರಿಯೆಂದರೆ ಬರೀ ಕಲ್ಲು, ತಗ್ಗು, ಎತ್ತಿನಗಾಡಿಯ ಜಾಡು. ಹಿಂದಿನ ಸೀಟಿನಲ್ಲಿ ಅಜ್ಜಾರು ಮೈಯೆಲ್ಲ ಕುಣಿಸಿಕೊಂಡು ಕೂತಿದ್ದರು. ಒಂದು ಸಲ ನೆತ್ತಿಯನ್ನೂ ಬಡಿಸಿಕೊಂಡರು.

ಮರಳಿ ಬಂದು ನೋಡಿದರೆ ವಿಭೂತಿಯ ಗೆರೆ ತುಂಡಾಗಿತ್ತು. ಅಚ್ಚಿನ ಮೇಲಿನ ತುಂಡಿನಿಂದ ನಟ್ಟಿನ ಮೇಲಿನದು ಚೂರು ಪಕ್ಕಕ್ಕೆ ಸರಿದಿತ್ತು.

ಅಡಿವೆಪ್ಪನ ಮುಖ ಸಪ್ಪಗಾಯಿತು. ಶಂಕ್ರವ್ವನನ್ನು ಕೂರಿಸಿಕೊಂಡು ಬರುವಾಗ ಈ ಚಕ್ರ ಕಳಚಿದ್ದರೆ ಏನು ಗತಿ ಎಂದು ನೆನೆದ.

"ನಾ ಕಡಿಮಿ ಬಿಗಿದೆನೇನ್ರೀ?"

"ಇಲ್ಲ. ಭಾಳ ಚಲೋ ಬಿಗಿದಿ."

"ಮತ್ತ ಯಾಕ ಸರೀತು?"

"ಗಾಡಿ ಓಡ್ತಲ್ಲ, ಅದಕ್ಕ. ಇಲ್ಲೇ ಮಠದಾಗ ನಿಂತಿದ್ರ ಎಂದೂ ಸರೀತಿದ್ದಿಲ್ಲ."

ಅಡಿವೆಪ್ಪ ಪಾನಾ ಎತ್ತಿಕೊಂಡ. ಸೀಳು ತೂತಿಗೆ ಹೊಂದಲೆಂದು ನಟ್ಟನ್ನು ತುಸು ಸಡಿಲಿಸಹೋದ. ಅಜ್ಜಾರು ಅವನ ಕೈ ಹಿಡಿದು, ಹಿಂದಕ್ಕೆ ಬೇಡ, ಮುಂದಕ್ಕೇ ತಿರುಗಿಸು ಎಂದರು. ಅವನು ಮತ್ತಷ್ಟು ಬಿಗಿದ. ಮುಂದಿನ ಸೀಳು ಬಂದು ತೂತಿನೆದುರು ನಿಂತಿತು.

ಆಮೇಲೆ ಅವನು ಹಳೆಯ ಪಿನ್ನನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡತೊಡಗಿದ. ಮಠದಲ್ಲಿ ಯಾವುದನ್ನೂ ಎಸೆಯುವ ಪದ್ಧತಿಯಿರಲಿಲ್ಲ. ಸೊಟ್ಟಗಾದ ಮೊಳೆಗಳನ್ನು ನೆಟ್ಟಗೆ ಮಾಡಿಡುವುದು ಅಲ್ಲಿಗೆ ಬಂದವರಿಗೆಲ್ಲ ಮೊದಲ ಪಾಠ. ಅದನ್ನು ಕಲಿಸಿದವರು ಅಜ್ಜಾರೇ.

ಅದೇ ಅಜ್ಜಾರು ಈಗ ಪಿನ್ನನ್ನು ಅವನ ಕೈಯಿಂದ ತೆಗೆದುಕೊಂಡರು. ಅದರ ಕಾಲನ್ನು ಬೆರಳಲ್ಲಿ ಮಡಚಿದರು. ಹಿಂದೊಮ್ಮೆ ಮಡಚಿ ಬಿಚ್ಚಿದ್ದ ಅದು ಲಟಕ್ಕನೆ ಮುರಿಯಿತು.

ಅಡಿವೆಪ್ಪ ಬೆರಗಾಗಿ ನೋಡಿದ.

"ಸೋಮವಾರ ಶಂಕ್ರವ್ವಗ ಏನ ಹೇಳ್ತಿ?" ಅಜ್ಜಾರು ಕೇಳಿದರು.

"ದೇವರ ಮುಟ್ಟಿ ಆಣಿ ಮಾಡ್ತೀನ್ರೀ. ಇನ್ನ ಕುಡಿಯೂದಿಲ್ಲಂತ."

"ಹಿಂದ ಮಾಡಿದ್ದಿಲ್ಲೇನು?"

ಅಡಿವೆಪ್ಪ ತಲೆ ತಗ್ಗಿಸಿದ. ಮಾಡಿದ್ದ. ಅದೇ ಮಾತು, ಅದೇ ದೇವರು.

ಅಜ್ಜಾರು ಅವನ ಬೆನ್ನು ಸವರಿದರು. ಮುರಿದ ತುಂಡುಗಳನ್ನು ದೂರ ಎಸೆದು, ಪೇಟೆಗೆ ಹೋಗಿ ಹೊಸ ಪಿನ್ನು ತಾ ಎಂದರು. ಅವನು ತಂದ, ತೂರಿಸಿದ, ಕಾಲು ಮಡಚಿದ. ವಿಭೂತಿಯ ಗೆರೆಯನ್ನು ಈ ಸಲ ಅವನೇ ಎಳೆದ. ಮತ್ತೆ ಹೊಳೆಯ ದಾರಿಯಲ್ಲಿ ಹೋಗಿಬಂದರು. ಗೆರೆ ಹಾಗೇ ಇತ್ತು.

ಸೋಮವಾರ ಬೆಳಿಗ್ಗೆ ಅಡಿವೆಪ್ಪ ಮಡಚಿಟ್ಟ ಬಿಳಿ ಅಂಗಿ ತೊಟ್ಟುಕೊಂಡ. ಶಂಕ್ರವ್ವನಿಗೆಂದು ಮಲ್ಲಿಗೆ ಮಾಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಸೀಟಿನ ಮೇಲಿಟ್ಟ. ಕಾರು ಚಾಲು ಮಾಡಿದ, ಆದರೆ ಹೊರಡಲಿಲ್ಲ. ಬಹಳ ಹೊತ್ತು ಹಾಗೇ ಕೂತಿದ್ದ. ಕೊನೆಗೆ ಕಾರು ಬಂದ್ ಮಾಡಿ, ಇಳಿದು, ಅಜ್ಜಾರು ಕೂತಿದ್ದ ಕಟ್ಟೆಯ ಬಳಿ ಬಂದು ನಿಂತ.

"ಯಪ್ಪಾ, ಕೂಡುರಸ್ತಿ ನೆನಸಿದ್ರ ಅಂಜಿಕಿ ಬರ್ತೈತ್ರೀ. ನನ್ನ ಒಬ್ಬನ್ನ ಕಳಸಬ್ಯಾಡ್ರಿ."

ಅಷ್ಟು ಹೇಳುವುದರಲ್ಲಿ ಅವನ ಕಣ್ಣು ತುಂಬಿತು.

ಅಜ್ಜಾರು ಆಗಲೇ ಪಾದುಕೆ ಬಿಟ್ಟು ಚಪ್ಪಲಿ ಮೆಟ್ಟಿದ್ದರು. ಎದ್ದು ಬಂದು ಕಾರಿನ ಮುಂದಿನ ಬಾಗಿಲು ತೆಗೆದರು. ಮಲ್ಲಿಗೆಯ ಗಂಟನ್ನು ಜೋಪಾನವಾಗಿ ತೊಡೆಯ ಮೇಲಿಟ್ಟುಕೊಂಡು ಕೂತರು.

"ಹೋಗುವಾಗ ನಿನ್ನ ಮಗ್ಗಲಕ ನಾ ಕೂಡ್ತೀನಿ, ತಮ್ಮಾ," ಅಂದರು. "ಬರುವಾಗ ಈ ಜಾಗಾ ಆಕೀದು."