ಕಾಶಿಯಲ್ಲಿ ಬಿಟ್ಟ ಹಾಗಲಕಾಯಿ

ಹೊಳೆಯ ದಂಡೆಯ ಆಶ್ರಮವೊಂದರಲ್ಲಿ ಕೇಶವಾವಧಾನಿಗಳು ಎಂಬ ಗುರುಗಳಿದ್ದರು. ಅವರ ಶಿಷ್ಯ ಪದ್ಮನಾಭ. ಮಂತ್ರ ಹೇಳೆಂದರೆ ಹೊಳೆಯಂತೆ ಹರಿಯುವವನು, ಇಂಗ್ಲಿಷ್ ಓದೆಂದರೆ ಕೆಸರಲ್ಲಿ ಹೂತ ಗಾಡಿಯಂತೆ ನಿಂತುಬಿಡುತ್ತಿದ್ದ.

ಆಶ್ರಮದ ಶಾಲೆಗೆ ಒಬ್ಬ ಮೇಷ್ಟರು ಬೇಕಾಗಿತ್ತು. ಆ ಜಾಗ ಪದ್ಮನಾಭನಿಗೇ ಎಂದು ಮಾತಾಗಿತ್ತು, ಇಂಗ್ಲಿಷ್ ಪರೀಕ್ಷೆಯೊಂದು ಪಾಸಾದರೆ. ಅವನು ಎರಡು ಸಲ ಕಟ್ಟಿ ಎರಡು ಸಲವೂ ನಪಾಸಾಗಿದ್ದ. ಈ ಸಲವೂ ಹಾಗೇ ಆದರೆ ಸೋದರಮಾವನ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕೆ ನಿಲ್ಲಬೇಕು. ಗುರುಗಳಿಂದ ದೂರವಾಗುವುದು ಅವನಿಗೆ ಸುತರಾಂ ಬೇಕಿರಲಿಲ್ಲ.

ಆದರೂ ಒಂದು ಬೆಳಿಗ್ಗೆ ಅವನು ಇಂಗ್ಲಿಷ್ ಪುಸ್ತಕ ತಂದು ಗುರುಗಳ ಮುಂದಿಟ್ಟ.

“ಇದನ್ನು ಬಿಟ್ಟುಬಿಡುತ್ತೇನೆ ಗುರುಗಳೇ. ನನ್ನ ಹಣೆಯಲ್ಲಿ ಮಂಡಕ್ಕಿಯೇ ಬರೆದಿದೆ.”

“ಏನಾಯಿತಪ್ಪ?”

“ಗಿವ್ ಅಪ್ ಅಂತ ಒಂದು ಮಾತು ಬರುತ್ತದೆ. ಗಿವ್ ಅಂದರೆ ಕೊಡು. ಅಪ್ ಅಂದರೆ ಮೇಲೆ. ಕೂಡಿಸಿದರೆ ಮೇಲೆ ಕೊಡು ಅಂತ ಆಗಬೇಕಲ್ಲ? ಆಗುವುದಿಲ್ಲ!”

“ಮತ್ತೇನಾಗುತ್ತದೆ?”

“ಹೊಗೆಸೊಪ್ಪು ಬಿಟ್ಟರೆ ಗಿವ್ ಅಪ್. ಕೈಲಾಗದೆ ಸೋತೆ ಅಂದರೂ ಗಿವ್ ಅಪ್. ಬಸ್ಸಿನಲ್ಲಿ ಮುದುಕಿಗೆ ಎದ್ದು ಜಾಗ ಕೊಟ್ಟರೆ ಅದೂ ಗಿವ್ ಅಪ್. ಕಳ್ಳ ತಾನಾಗಿ ಪೊಲೀಸರಿಗೆ ಸಿಕ್ಕಿಕೊಂಡರೆ ಅದಕ್ಕೂ ಅದೇ.”

ಗುರುಗಳಿಗೆ ಇಂಗ್ಲಿಷಿನ ಗಂಧ ಇರಲಿಲ್ಲ. ಆದರೆ ಮನಸ್ಸಿಟ್ಟು ಕೇಳಿದರು.

“ಪಾಪ, ಒಂದೇ ಮಾತಿಗೆ ಎಷ್ಟು ದುಡಿಮೆ! ನಮ್ಮ ಸಾವಂತ್ರಮ್ಮನ ಹಾಗೆ.”

ಸಾವಂತ್ರಮ್ಮ ಆಶ್ರಮದ ಅಡುಗೆಯಾಕೆ. ಒಳಗಿಂದ ಪಾತ್ರೆಯೊಂದು ಕುಕ್ಕಿದ ಸದ್ದಾಯಿತು.

“ನೀನು ಹೋದ ವರ್ಷ ಕಾಶಿಗೆ ಹೋಗಿದ್ದೆಯಲ್ಲ,” ಎಂದರು ಗುರುಗಳು. “ಅಲ್ಲಿ ಒಂದು ಕಾಯಿಯೋ ಹಣ್ಣೋ ಬಿಟ್ಟು ಬರುವುದು ಪದ್ಧತಿ. ನೀನೇನು ಬಿಟ್ಟೆ?”

ಪದ್ಮನಾಭನ ಎದೆ ಉಬ್ಬಿತು. “ಹಾಗಲಕಾಯಿ, ಗುರುಗಳೇ. ಗಂಗೆಯಲ್ಲಿ ಮುಳುಗೆದ್ದು ಸಂಕಲ್ಪ ಮಾಡಿದೆ. ಇವತ್ತಿನವರೆಗೂ ಮುಟ್ಟಿಲ್ಲ.”

“ಅದಕ್ಕೆ ಮುಂಚೆ ಮುಟ್ಟುತ್ತಿದ್ದೆಯೋ?”

ಪದ್ಮನಾಭ ಹೊಳೆಯ ಕಡೆ ನೋಡಿದ. “ಕಹಿ, ಗುರುಗಳೇ. ಚಿಕ್ಕಂದಿನಿಂದಲೂ ಸೇರುತ್ತಿರಲಿಲ್ಲ.”

ಗುರುಗಳು ಎದ್ದು ಪಂಚೆ ಎತ್ತಿ ಕಟ್ಟಿ ನೇರ ಅಡುಗೆಮನೆಗೆ ನಡೆದರು.

“ಸಾವಂತ್ರಮ್ಮ, ಇವತ್ತು ಅಡುಗೆ ನನ್ನದು.”

“ಅಯ್ಯೋ ಶಿವನೇ! ಉಪ್ಪು ಯಾವುದು, ಸಕ್ಕರೆ ಯಾವುದು ಅಂತ ಗೊತ್ತಾ ನಿಮಗೆ?”

“ನೆಕ್ಕಿ ನೋಡುತ್ತೇನೆ ತಾಯಿ.”

ಸೌಟು ಮಾತ್ರ ಆಕೆ ಕೊಡಲಿಲ್ಲ. “ನೀವು ಹೇಳಿ, ನಾನೇ ತಿರುವುತ್ತೇನೆ,” ಎಂದಳು.

ಸ್ವಲ್ಪ ಹೊತ್ತಿಗೆ ಎಣ್ಣೆ ಕಾದ ಸದ್ದು ಬಂತು. ಆಮೇಲೆ ಎಳ್ಳು ಹುರಿದ ವಾಸನೆ. ಅದರ ಹಿಂದೆ ಹುಣಸೆಹುಳಿ ಕುದಿದ ಘಮ, ಬೆಲ್ಲ ಕರಗಿದ ಘಮ. ಕೊನೆಗೆ ಇಂಗಿನ ಒಗ್ಗರಣೆ ಚುರ್ರೆಂದಾಗ, ಜಗುಲಿಯಲ್ಲಿದ್ದ ಪದ್ಮನಾಭ ತನಗೆ ತಿಳಿಯದೆಯೇ ಎದ್ದು ನಿಂತಿದ್ದ.

ಎಲೆ ಹಾಕಿದರು. ಬಿಸಿ ಅನ್ನ, ತುಪ್ಪ. ಗುರುಗಳ ಎಲೆಗೆ ಕಪ್ಪಗೆ ಮಿರಮಿರ ಮಿಂಚುವ ಗೊಜ್ಜು ಬಿತ್ತು.

“ಏನು ಗೊಜ್ಜು ಗುರುಗಳೇ, ಅದು?”

“ಹಾಗಲಕಾಯಿ.”

ಪದ್ಮನಾಭನ ಎಲೆಗೆ ಬಿದ್ದದ್ದು ನೀರುಮಜ್ಜಿಗೆ.

ಗುರುಗಳು ಕಲೆಸಿ ಒಂದು ತುತ್ತು ಬಾಯಿಗಿಟ್ಟರು. ಕಣ್ಣು ಮುಚ್ಚಿಕೊಂಡರು.

“ಗುರುಗಳೇ, ಗೊಜ್ಜಾದ ಮೇಲೆ ಅದು ಹಾಗಲಕಾಯಿ ಅನ್ನಿಸಿಕೊಳ್ಳುತ್ತದೆಯೇ?”

“ಗಂಗಮ್ಮನನ್ನು ಕೇಳಿ ಬಾ.”

“ಹೋಳು ಬೇಡ. ಬರೀ ರಸ?”

“ಅದನ್ನೂ ಅವಳನ್ನೇ ಕೇಳು.”

ಸಾವಂತ್ರಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಪದ್ಮನಾಭ ಉಗುಳು ನುಂಗಿದ. ಅವನ ಕೈ ಗೊಜ್ಜಿನ ಪಾತ್ರೆಯತ್ತ ಸರಿಯಿತು, ನಿಂತಿತು, ಹಿಂದಕ್ಕೆ ಬಂತು.

“ನೀವು ಕಾಶಿಯಲ್ಲಿ ಏನು ಬಿಟ್ಟಿರಿ ಗುರುಗಳೇ?” ಎಂದು ಸಂಕಟದಲ್ಲೇ ಕೇಳಿದ.

“ಹಲಸಿನ ಹಣ್ಣು.”

“ನಿಮಗೆ ಅದು ಪ್ರಾಣ ಅಂತಾರಲ್ಲ!”

“ಹೌದು. ಅದಕ್ಕೇ ಒಂದು ಸಲಕ್ಕೆ ಮುಗಿಯಲಿಲ್ಲ. ಹಣ್ಣಿನ ಕಾಲ ಬಂದಾಗಲೆಲ್ಲ ಹೊಸದಾಗಿ ಬಿಡುತ್ತಿದ್ದೇನೆ.”

ಪದ್ಮನಾಭ ತಲೆ ತಗ್ಗಿಸಿ ಮಜ್ಜಿಗೆ ಅನ್ನ ಉಂಡ. ಕೈ ತೊಳೆದು ಬಂದು ಕಂಬಕ್ಕೊರಗಿ ಕೂತ. ಆಮೇಲೆ ಅವನ ಬಾಯಿಂದ, ಪುಸ್ತಕ ನೋಡದೆ, ತಾನಾಗಿ ಒಂದು ಮಾತು ಹೊರಟಿತು:

“ಟುಡೇ ಐ ಗೇವ್ ಅಪ್ ಹಾಗಲಕಾಯಿ.”

“ಹಾಗೆಂದರೆ?” ಎಂದರು ಗುರುಗಳು.

“ಇವತ್ತು ನಾನು ಹಾಗಲಕಾಯಿ ಬಿಟ್ಟೆ ಅಂತ. ಕಾಶಿಯಲ್ಲಲ್ಲ, ಗುರುಗಳೇ. ಇವತ್ತು.”

ಹೇಳಿ ಅವನೇ ಬೆರಗಾದ. ಮಾತಿನ ಗಾಡಿ ಹೂತಿರಲಿಲ್ಲ, ಉರುಳಿತ್ತು. ಇನ್ನೊಮ್ಮೆ ಹೇಳಿದ. ಗೋಡೆಗೆ ಹೇಳಿದ. ತೆಂಗಿನ ಮರಕ್ಕೆ ಹೇಳಿದ. ಹುರುಪು ಹತ್ತಿ ಅಡುಗೆಮನೆಯ ಕಡೆ ತಿರುಗಿ ಕೂಗಿದ:

“ಸಾವಂತ್ರಮ್ಮ ವಿಲ್ ನಾಟ್ ಗಿವ್ ಅಪ್ ಹರ್ ಸೌಟು!”

“ಏಯ್ ಪದ್ದು! ನನ್ನ ಹೆಸರು ಹಿಡಿದು ಏನೋ ಬೈತಿದೀಯಾ?” ಸಾವಂತ್ರಮ್ಮ ಆ ಸೌಟನ್ನೇ ಹಿಡಿದು ಹೊರಗೆ ಬಂದಳು.

“ಬೈಗುಳ ಅಲ್ಲಮ್ಮ, ವ್ಯಾಕರಣ!”

“ಯಾವುದಾದರೇನು, ನನ್ನ ಮೇಲೆ ಬೇಡ!”

ಆಕೆ ಒಳಗೆ ಹೋದಳು. ಪದ್ಮನಾಭ ಬೆಳಿಗ್ಗೆ ಇಟ್ಟಿದ್ದ ಪುಸ್ತಕವನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡು ಮುಂದಿನ ಪುಟ ತೆರೆದ.

ಗುರುಗಳು ಕೇಳಿದರು, “ಅದನ್ನು ಬಿಡುತ್ತೇನೆ ಅಂದಿದ್ದೆಯಲ್ಲ?”

“ಇವತ್ತೊಂದು ದಿನ ಇರಲಿ, ಗುರುಗಳೇ.”

“ಯಾಕಪ್ಪ? ಬಿಡುವುದಾದರೆ ಇದೇ ಸರಿಯಾದ ಹೊತ್ತು. ಈಗ ತಾನೇ ಅದಕ್ಕೂ ನಿನ್ನ ಬಾಯಲ್ಲಿ ನೀರೂರುತ್ತಿದೆ.”