ಜಾಲಿಯ ಹಸಿರು

“ಕೇಳ್ರಪ್ಪೋ ಕೇಳ್ರಿ! ಮೂರು ಒಗಟು ಬಿಡಿಸಿದವರಿಗೆ ಅರಮನೆಯ ಕಣಜದ ಬೀಗದಕೈ! ಒಂದು ತಪ್ಪಿದರೂ ತಲೆದಂಡ!”

ಡಂಗುರ ಕೇಳಿದಾಗ ಗಾದಿಲಿಂಗ ಜಾಲಿ ಕಟ್ಟಿಗೆಯ ಇದ್ದಿಲ ಭಟ್ಟಿಗೆ ಮಣ್ಣು ಮೆತ್ತುತ್ತಿದ್ದ. ಮಳೆ ಕೈಕೊಟ್ಟಿತ್ತು. ಊರಿನ ಜೋಳ ಮುಗಿಯುತ್ತ ಬಂದಿದ್ದರೂ ಕಣಜಕ್ಕೆ ಬೀಗ ಬಿದ್ದೇ ಇತ್ತು. ಅವನು ಕೈ ತೊಳೆದು ಅರಮನೆಯ ದಾರಿ ಹಿಡಿದ.

ರಾಜನಿಗೊಂದು ಕೊರಗಿತ್ತು. ಹಿಂದಿನ ಬರದಲ್ಲಿ ಆಸ್ಥಾನದವರು ಆಕಾಶದಿಂದ ತೆಗೆದ ಚಿತ್ರ ತೋರಿಸಿ, “ನಾಡು ಹಸಿರಾಗಿದೆ” ಎಂದಿದ್ದರು. ಅದನ್ನು ನಂಬಿ ಅವನು ಕಣಜ ತೆರೆಯಲಿಲ್ಲ, ಜನ ಸತ್ತರು. ಈ ಸಲ ಮೋಸಹೋಗದವನೊಬ್ಬ ಬೇಕಿತ್ತು. ತಪ್ಪು ತನ್ನದು, ತಲೆ ಮಾತ್ರ ಬೇರೆಯವರದು, ರಾಜರೆಂದರೆ ಹಾಗೇ.

“ನೆಲಕ್ಕೆ ಕಾಲಿಡದೆ ಎಲ್ಲರ ಹೊಲ ನೋಡಿಬರುವುದು ಯಾವುದು?” ಮುಂದೆ ನಿಂತ ಮೂವರನ್ನು ರಾಜ ಕೇಳಿದ.

“ಹದ್ದು,” ಎಂದ ಸಾಹುಕಾರನ ಮಗ. ಭಟರು ಅವನನ್ನು ಸೆರೆಮನೆಗೆ ಎಳೆದೊಯ್ದರು.

“ಉಪಗ್ರಹ,” ಎಂದ ದಂಡನಾಯಕನ ಮಗ. ಗಾದಿಲಿಂಗನೂ ಅದನ್ನೇ ಹೇಳಿದ.

“ಮಳೆಯಿಲ್ಲದ ವರ್ಷ ಅದರ ಚಿತ್ರದಲ್ಲಿ ಹಸಿರುಂಟು, ಊರಲ್ಲಿ ಕಾಳಿಲ್ಲ. ಏನದು ಹಸಿರು?”

“ಬೆಳೆಯೇ, ಪ್ರಭು. ಜನ ಕಾಳು ಬಚ್ಚಿಟ್ಟಿದ್ದಾರೆ,” ಎಂದ ದಂಡನಾಯಕನ ಮಗ. ಅವನನ್ನೂ ಎಳೆದೊಯ್ದರು.

ಗಾದಿಲಿಂಗ ಮುಂದೆ ಬಂದ. “ಅದು ಬಳ್ಳಾರಿ ಜಾಲಿ ಐತ್ರಿ, ಮಾರಾಜರ. ಬೇರು ಆಳಕ್ಕ ಇಳಿದಿರ್ತಾವ, ಮಳಿ ಇಲ್ದಿದ್ರೂ ಹಸರಿರ್ತೈತಿ. ಅದರ ಸೊಪ್ಪು ಆಡೂ ಮುಟ್ಟಂಗಿಲ್ಲ. ಬ್ಯಾಸಿಗಿ ಚಿತ್ರಾನೂ ಈಗಿನ ಚಿತ್ರಾನೂ ಜೋಡಿಸಿ ನೋಡ್ರಿ. ಎರಡರಾಗೂ ಹಸರಿದ್ದದ್ದು ಜಾಲಿ. ಈಗ ಹೊಸದಾಗಿ ಹಸರಾಗಿದ್ರ ಅದು ಬೆಳಿ.”

ರಾಜ ಚಿತ್ರಗಳನ್ನು ತರಿಸಿ ಪಕ್ಕಪಕ್ಕ ಇಟ್ಟ. ಜಾಲಿ ಬಿಟ್ಟರೆ ನಾಡೆಲ್ಲ ಬೋಳು. ಅವನ ಮುಖ ಸಪ್ಪಗಾಯಿತು.

“ಕೊನೆಯದು. ಹಸಿವು ಮನೆಗೆ ಬಂದಾಗ ಮೊದಲು ಹುಟ್ಟುವ ಸುಳ್ಳು ಯಾವುದು? ಅದು ಯಾವ ಚಿತ್ರಕ್ಕೂ ಸಿಗದು.”

ಭಟರು ಗಾದಿಲಿಂಗನ ಹತ್ತಿರ ಬಂದರು. ಆಗ ಅವನಿಗೆ ಅವ್ವ ಹುಲಿಗೆವ್ವ ನೆನಪಾದಳು. ತನ್ನ ಪಾಲಿನ ರೊಟ್ಟಿಯನ್ನು ಅವನ ತಟ್ಟೆಗೆ ಹಾಕುತ್ತಿದ್ದ ಅವಳ ಕೈ ಕಣ್ಮುಂದೆ ಬಂತು.

“‘ನನಗ ಹಸಿವಿಲ್ಲ, ನೀ ಉಣ್ಣು.’ ನಮ್ಮವ್ವ ದಿನಾ ಹೇಳಾಕತ್ಯಾಳ್ರಿ. ನಾನು ನಂಬಿ ಉಂಡೆ.” ಅವನ ಕಣ್ಣು ತುಂಬಿತು.

“ಹಿಂದಿನ ಬರ ಕಳೆದ ಮೇಲೆ ಬದುಕುಳಿದ ಮಕ್ಕಳು ತಮ್ಮ ತಾಯಂದಿರ ಬಗ್ಗೆ ನನಗೆ ಇದನ್ನೇ ಹೇಳಿದವು,” ಎನ್ನುತ್ತ ರಾಜ ಬೀಗದಕೈ ಕೊಟ್ಟ. “ಚಿತ್ರವನ್ನೂ ನೋಡು, ಮನೆಮನೆಯ ಒಲೆಯನ್ನೂ ನೋಡು.”

“ಆ ಇಬ್ಬರ ತಲಿ ಉಳಸ್ರಿ. ಮೂಟಿ ಹೊರಾಕ ಬೇಕು.”

ರಾಜ ನಕ್ಕು ಒಪ್ಪಿದ. ಅಂದೇ ಕಣಜ ತೆರೆಯಿತು.

ಹುಲಿಗೆವ್ವ ಕಣಜದ ಜೋಳದ ಹಿಟ್ಟಿನ ರೊಟ್ಟಿ ಬಡಿದು ಮಗನ ತಟ್ಟೆಗೆ ಹಾಕಿದಳು. “ನನಗ ಹಸಿವಿಲ್ಲ,” ಎಂದಳು, ಎಂದಿನಂತೆ.

ಅವನು ಬೀಗದಕೈಯನ್ನು ಅವಳ ಮುಂದಿಟ್ಟ. ಅವಳು ಅದನ್ನು ನೋಡಿದಳು, ಮೂಲೆಯ ಮೂಟೆಯನ್ನೂ ನೋಡಿದಳು. ಕೂತು ಒಂದು ರೊಟ್ಟಿ ತಿಂದಳು. ಆಮೇಲೆ ತಟ್ಟೆ ಮುಂದೆ ಮಾಡಿ, “ಇನ್ನೊಂದು ಹಾಕು,” ಎಂದಳು.