ಹಲ್ಲಿಯೂ ನಗುವಿನ ಪೆಟ್ಟಿಗೆಯೂ

ಹಳೇ ಕಾಲದ ಟೀವಿ ಸಂಸಾರಗಳನ್ನು ಅಣಕಿಸುವ ಹಾಸ್ಯ ಧಾರಾವಾಹಿಯೊಂದರ ಸೆಟ್ಟಿನಲ್ಲಿ, ಪ್ಲೈವುಡ್ ಗೋಡೆಯ ಗಡಿಯಾರದ ಹಿಂದೆ ಒಂದು ಮುದಿ ಹಲ್ಲಿ ಇತ್ತು. ಅದರ ಹೆಂಡತಿ ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. ಕೆಳಗೆ ಮೇಜಿನ ಮೇಲೆ ನಗುವಿನ ಪೆಟ್ಟಿಗೆ. ಸೌಂಡ್ ನೋಡಿಕೊಳ್ಳುವ ಯೋಗಪ್ಪ ಗುಂಡಿ ಒತ್ತಿದರೆ ಅದು ಇನ್ನೂರು ಜನರ ಹಾಗೆ ನಗುತ್ತಿತ್ತು.

ತಾಲೀಮು ನಡೆದಿತ್ತು. ಅಮ್ಮನ ವೇಷದವಳು ಅಪ್ಪನ ವೇಷದವನಿಗೆ ಬಡಿಸುತ್ತ, "ನೀವು ಉಂಡರೆ ನನ್ನ ಹೊಟ್ಟೆ ತುಂಬಿದ ಹಾಗೇರೀ" ಅಂದಳು. ಪೆಟ್ಟಿಗೆ ಬಿದ್ದು ಬಿದ್ದು ನಕ್ಕಿತು.

"ಯಾಕಯ್ಯ ನಗ್ತೀಯ?" ಎಂದಿತು ಹಲ್ಲಿ.

"ಇಂಥ ಹೆಂಗಸು ಎಲ್ಲಾದರೂ ಇದ್ದಳೇನಜ್ಜ?"

"ನನ್ನ ಮನೇಲಿದ್ದಳು. ದಪ್ಪ ಹುಳ ಸಿಕ್ಕರೆ ನನ್ನ ಕಡೆ ತಳ್ಳಿ, ನಂದಾಯ್ತು ಅನ್ನೋಳು. ಸುಳ್ಳು ಅಂತ ನನಗೆ ಗೊತ್ತಿತ್ತು. ಆದರೂ ತಿಂತಿದ್ದೆ."

"ಯೋಗಪ್ಪ ಒತ್ತಲಿ, ಅದಕ್ಕೂ ನಗ್ತೀನಿ."

ಬಡಿಸುವವಳ ಆ ಮಾತು ಒಂದು ಸಲವಾದರೂ ನಗೆಪಾಟಲಾಗದೆ ಉಳಿಯಬೇಕು ಅಂದುಕೊಂಡಿತು ಹಲ್ಲಿ.

ಕ್ಯಾಮೆರಾ ಶುರುವಾಯಿತು. ಅವಳು ಅದೇ ಮಾತು ಆಡಿದಳು. ಮೇಲಿಂದ ಹಲ್ಲಿ ಲೊಚ್ ಲೊಚ್ ಎಂದು ನುಡಿಯಿತು.

ಅಪ್ಪನ ವೇಷದವನು ತುತ್ತು ಬಿಟ್ಟು, "ಕೃಷ್ಣ ಕೃಷ್ಣ, ಸತ್ಯ" ಎಂದು ನೆಲ ಕುಟ್ಟಿದ. ನಿರ್ದೇಶಕನೂ ಕುರ್ಚಿಯ ಕೈ ಕುಟ್ಟಿದ. ಕುಟ್ಟಿದ ಮೇಲೆ ನೆನಪಾಗಿ, "ನಗು ಎಲ್ಲಯ್ಯಾ?" ಎಂದು ಕಿರುಚಿದ.

ಗುಂಡಿ ಒತ್ತಬೇಕಾದ ಯೋಗಪ್ಪನ ಬೆರಳು ಇನ್ನೂ ಮೇಜು ಕುಟ್ಟುತ್ತಿತ್ತು.

"ಅಜ್ಜ, ನನಗೆ ನಗು ಬರಲೇ ಇಲ್ಲವಲ್ಲ!" ಎಂದಿತು ಪೆಟ್ಟಿಗೆ.

"ನಗು ನಿಂದೇ ಆಗಿದ್ದರೆ ಬರ್ತಿತ್ತು ಮಗಾ" ಎಂದು ಹಲ್ಲಿ ಗಡಿಯಾರದ ಹಿಂದಕ್ಕೆ ಸರಿಯಿತು.